ರೈಟ್ ಅಂದ ಕಂಡಕ್ಟರೂ ನನ್ನ ಫಾರ್ಮುಗಳೂ

ನಾನು ಪ್ರಶ್ನೆ ಕೇಳಿ ಸಂಬಳ ತಗೊಳ್ಳುವವಳು. ಪ್ರಶ್ನೆಗಳನ್ನು ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳು ಕೂತು ತಯಾರಿಸುತ್ತಾರೆ. ಪ್ರತಿ ಪ್ರಶ್ನೆಯ ಕೆಳಗೆ ನಾಲ್ಕು ಉತ್ತರ, ನಾಲ್ಕು ಚೌಕ. ನಾನು ಊರಿಗೆ ಹೋಗಿ ಕೇಳಿದರೆ ಮಾತ್ರ ಐದನೆಯ ಉತ್ತರವೇ ಬರುತ್ತದೆ. ಬೇರೆಯವರಿಗೆ ಹೀಗೆ ವರ್ಷಕ್ಕೊಂದು ಸಲ ಆಗುತ್ತದಂತೆ, ನನಗೆ ವಾರಕ್ಕೆ ಎರಡು ಸಲ. ನಿನ್ನ ಮುಖ ನೋಡಿದರೇ ಜನಕ್ಕೆ ಹಾಗೆಲ್ಲ ಮಾತಾಡಬೇಕು ಅನ್ನಿಸುತ್ತದೆ ಅಂತ ನಮ್ಮ ಮನೆಯವರು ಹೇಳುತ್ತಾರೆ. ಇದು ಹೊಗಳಿಕೆಯೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ.

ಮೊದಲು ಹಿರಿಯೂರಿನಲ್ಲಿ ನರ್ಸ್ ಆಗಿದ್ದೆ. ಈಗ ಒಂದು ಸಂಶೋಧನೆಯಲ್ಲಿ ಕೆಲಸ. ಲಕ್ವ ಹೊಡೆದು ಮಾತು ಹೋದವರಿಗೆ ಮನೆಯವರೇ ದಿನಾ ಎದುರಿಗೆ ಕೂತು ಮಾತಿನ ಅಭ್ಯಾಸ ಮಾಡಿಸಿದರೆ ಮಾತು ಬೇಗ ಬರುತ್ತದೆಯೇ ಅಂತ ನೋಡುವ ಸಂಶೋಧನೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದುರ್ಗ ಎಲ್ಲ ನನ್ನ ಪಾಲಿಗೆ. ಎಷ್ಟೋ ಮನೆ ಸುತ್ತಿದ್ದೇನೆ, ಆದರೆ ಹೊಳಲ್ಕೆರೆಯ ಒಬ್ಬ ಕಂಡಕ್ಟರ್ ಮನೆ ನನ್ನನ್ನು ಆಡಿಸಿದ ಹಾಗೆ ಬೇರೆ ಯಾವ ಮನೆಯೂ ಆಡಿಸಿಲ್ಲ.

ಆತ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ದುರ್ಗಕ್ಕೆ ಹೋಗುವ ಬಸ್ಸು. ಐವತ್ತು ದಾಟಿದ ಮನುಷ್ಯ, ಬಾಯಿ ಜೋರು. ಒಂದು ಬೆಳಗ್ಗೆ ಡ್ಯೂಟಿಗೆ ಹೊರಟು ಚಪ್ಪಲಿ ಮೆಟ್ಟುವಾಗ ಬಾಯಿ ಸೊಟ್ಟಗಾಯಿತು, ಬಲಗೈ ಬಿತ್ತು. ಹೆಂಡತಿ ಗಾಬರಿಯಲ್ಲಿ ಮೊದಲು ಮತ್ತೋಡಿನ ಕಡೆ ಸೊಪ್ಪಿನ ರಸ ಬಿಡುವವರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿಂದ ದುರ್ಗದ ಆಸ್ಪತ್ರೆಗೆ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. "ನಾಲ್ಕೂವರೆ ಗಂಟೆಯೊಳಗೆ ಬಂದಿದ್ದರೆ ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬಹುದಿತ್ತು" ಅಂತ ಡಾಕ್ಟರು ಅಂದ ಒಂದು ಮಾತು ಆ ಹೆಂಗಸಿನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಕೈ ಬಹುಮಟ್ಟಿಗೆ ವಾಪಸ್ ಬಂತು. ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ಆತನಿಗೆ ಅರ್ಥವಾಗುತ್ತಿತ್ತು, ಆದರೆ ಬಾಯಿ ತೆಗೆದರೆ ಬರುತ್ತಿದ್ದದ್ದು ಒಂದೇ ಪದ, "ರೈಟ್". ಊಟ ಬೇಕು ಅಂದರೂ ರೈಟ್, ಸಾಕು ಅಂದರೂ ರೈಟ್.

"ಇವರ ಬಾಯಾಗೆ ಮಾತು ಕೇಳ್ಬೇಕು ಮೇಡಂ," ಅಂದರು ಹೆಂಡತಿ ನನ್ನ ಕೈ ಹಿಡಿದುಕೊಂಡು. "ಬೈದ್ರೂ ಸೈ. ನಾನೇ ತಡ ಮಾಡಿ ಕಳೆದಿದ್ದು, ನಾನೇ ತರಿಸ್ಬೇಕು."

ಕಂಪ್ಯೂಟರಿನ ಹೂವು

ಸಂಶೋಧನೆಯ ನಿಯಮದ ಪ್ರಕಾರ ಅರ್ಧ ಜನಕ್ಕೆ ಮನೆಪಾಠ, ಇನ್ನರ್ಧ ಜನಕ್ಕೆ ಆಸ್ಪತ್ರೆಯ ಮಾಮೂಲಿ ಸಲಹೆ. ಯಾರಿಗೆ ಯಾವುದು ಅಂತ ನಾವು ಆರಿಸುವಂತಿಲ್ಲ. ಬೆಂಗಳೂರಿನಲ್ಲಿ ಒಬ್ಬ ಹುಡುಗಾಟದ ದನಿಯ ಸಾರ್ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ, ಅದು ಚೀಟಿ ಎತ್ತಿದ ಹಾಗೆ ಎತ್ತುತ್ತದೆ. ಇದನ್ನು ದುರ್ಗದ ಓದಿದವರ ಮನೆಗಳಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. "ನಮಗೇ ಪಾಠ ಬರೋ ಹಂಗೆ ಸ್ವಲ್ಪ ನೋಡಿ ಮೇಡಂ" ಅನ್ನುವವರೇ ಎಲ್ಲ.

ಕಂಡಕ್ಟರ್ ಹೆಂಡತಿಗೆ ಒಂದೇ ಸಲಕ್ಕೆ ಅರ್ಥವಾಯಿತು. "ಅಷ್ಟೇನಾ? ದೇವರ ಹತ್ರ ಹೂವು ಕೇಳಿದಂಗೆ. ಬಲಕ್ಕೆ ಬಿದ್ರೆ ಒಂದು, ಎಡಕ್ಕೆ ಬಿದ್ರೆ ಒಂದು. ಬಿದ್ದದ್ದನ್ನ ತಗಳಾದು, ತಕರಾರು ಮಾಡಂಗಿಲ್ಲ."

ನನಗೆ ಎಷ್ಟು ಖುಷಿಯಾಯಿತೆಂದರೆ, ಇಡೀ ಜಿಲ್ಲೆಗೆ ಈಕೆಯನ್ನೇ ಕಳಿಸಿ ವಿವರಿಸಿಬಿಡೋಣ ಅನ್ನಿಸಿತು. ರುಜು ಆಯಿತು. ನಾನು ಬೆಂಗಳೂರಿಗೆ ಫೋನ್ ಮಾಡಲು ಹೊರಟಾಗ ಆಕೆ ತಡೆದರು.

"ತಡೀರಿ ಮೇಡಂ. ಇವತ್ತು ಸೋಮವಾರ. ಒಂಬತ್ತರವರೆಗೂ ರಾಹುಕಾಲ ಐತೆ. ಕಳೀಲಿ."

ಕಳೆಯಿತು. ಮತ್ತೆ ಫೋನ್ ಎತ್ತಿದೆ.

"ಇನ್ನೊಂದು ಮಾತು. ಗುಂಡಿ ಒತ್ತೋರು ಸ್ನಾನ ಮಾಡವ್ರಾ ಕೇಳ್ರಿ."

ನಾನು ಎಷ್ಟು ಹೇಳಿದರೂ ಆಕೆ ಬಿಡಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, "ಸಾರ್, ತಪ್ಪು ತಿಳೀಬೇಡಿ, ಸ್ನಾನ ಆಗಿದೆಯಾ?"

ಆ ಕಡೆ ಪುಟ ತಿರುವುವ ಸದ್ದು ಕೇಳಿಸಿತು. ಆಮೇಲೆ ಸಣ್ಣ ದನಿಯಲ್ಲಿ ಬಂತು: "ಇದು ನಮ್ಮ ನಿಯಮಾವಳಿಯ ಯಾವ ಪುಟದಲ್ಲಿದೆ ಮೇಡಂ?"

ಗುಟ್ಟು

ಚೀಟಿಯಲ್ಲಿ ಏನು ಬಂತು ಅಂತ ನನಗೆ ತಿಳಿಯಬಾರದು. ಯಾಕೆಂದರೆ ಪರೀಕ್ಷೆ ಮಾಡುವವಳು ನಾನು. ಪಾಠ ಹೇಳಿಸಿಕೊಂಡವರು ಅಂತ ಗೊತ್ತಾದರೆ ಅರಿಯದೆಯೇ ಎರಡು ಅಂಕ ಹೆಚ್ಚು ಹಾಕಿಬಿಡುತ್ತೇನೆ, ಹೆಣ್ಣು ಮನಸ್ಸು ಅಂತ ಬೆಂಗಳೂರಿನವರ ಭಯ. ಅದಕ್ಕೇ ಪಾಠ ಹೇಳುವ ಮೇಡಂ ಬೇರೆ, ಆಕೆ ಬರುವ ದಿನ ಬೇರೆ. ಮನೆಯವರಿಗೂ ನಾನೇ ತಿಳಿಸಿದ್ದೆ, "ನಿಮಗೆ ಯಾವುದು ಬಂದಿದೆ ಅಂತ ನನಗೆ ಮಾತ್ರ ಹೇಳಕೂಡದು."

ಮೂರು ತಿಂಗಳ ಮೇಲೆ ಹೋದೆ. ಬಾಗಿಲಲ್ಲೇ ಆಕೆ, "ಬರ್ರಿ, ಕುಂತ್ಕಳ್ರಿ" ಅಂದು ನೀರು ಕೊಟ್ಟರು. ಫಾರ್ಮು ತೆಗೆದೆ.

"ಬಿ.ಪಿ. ಮಾತ್ರೆ ದಿನಾ ತಗೋತಾರಾ?"

"ಹೇಳಂಗಿಲ್ಲ ಮೇಡಂ."

"ಅಮ್ಮ, ಇದನ್ನ ಹೇಳಬಹುದು."

"ನೀವೇ ಅಲ್ವಾ ಹೇಳ್ಬ್ಯಾಡ ಅಂದಿದ್ದು? ನಾನು ಮಾತು ಕೊಟ್ಟೀನಿ."

"ರಾತ್ರಿ ನಿದ್ದೆ ಬರುತ್ತಾ?"

"ಬಾಯಿ ಬಿಡ್ಸಾಕೆ ನೋಡ್ತೀರಾ? ಆಗಲ್ಲ."

ಸುತ್ತ ನಿಂತಿದ್ದ ಬೀದಿಯವರೂ ತುಟಿ ಬಿಗಿದುಕೊಂಡು ನಿಂತಿದ್ದರು. ಪಕ್ಕದ ಮನೆಯಾಕೆಯನ್ನು ಕೇಳಿದರೆ ಆಕೆ ಸೆರಗಿನಿಂದ ಬಾಯಿಯನ್ನೇ ಮುಚ್ಚಿಕೊಂಡರು. ಮುಕ್ಕಾಲು ಗಂಟೆಯಲ್ಲಿ ನನಗೆ ಸಿಕ್ಕಿದ ಒಂದೇ ಉತ್ತರ ಕಂಡಕ್ಟರದ್ದು. ಪಾಪ, ಆತ ಎಲ್ಲದಕ್ಕೂ ರೈಟ್ ಅಂದಿದ್ದರು.

ಹೊರಡುವಾಗ ಆಕೆ ಬಾಗಿಲವರೆಗೂ ಬಂದು ಹೆಮ್ಮೆಯಿಂದ ಕೇಳಿದರು, "ಹೆಂಗೆ ಮೇಡಂ, ಪಾಸಾದೆನಾ?"

ಚಿತ್ರದ ಪ್ರಾಣಿ

ಮರುದಿನ ಮತ್ತೆ ಹೋದೆ, ಚಿತ್ರ ತೋರಿಸಿ ಹೆಸರು ಕೇಳುವ ಪರೀಕ್ಷೆಗೆ. ಚಿತ್ರಗಳನ್ನು ಆರಿಸಿದವರು ಹೊಳಲ್ಕೆರೆ ನೋಡಿದವರಲ್ಲ. ಒಂಟೆ, ಸಿಂಹ, ಮೂರನೆಯದು ಘೇಂಡಾಮೃಗ.

ಕಂಡಕ್ಟರು ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಬಾಯಿ ತೆರೆದರು, ಹಣೆಯಲ್ಲಿ ಬೆವರು ಬಂತು, ಕೊನೆಗೆ "ರೈಟ್" ಅಂತ ಸೋತು ಚಿತ್ರ ಕೆಳಗಿಟ್ಟರು. ಆತನ ಕಣ್ಣು ನೋಡಲಾಗಲಿಲ್ಲ ನನಗೆ. ಮಾತು ಒಳಗಿದೆ, ಬಾಗಿಲು ಸಿಕ್ಕುತ್ತಿಲ್ಲ. ಇಂಥ ಹೊತ್ತಿನಲ್ಲಿ ಈ ಕೆಲಸವೇ ಬೇಡ ಅನ್ನಿಸುತ್ತದೆ.

ಹೆಂಡತಿಗೂ ಸಂಕಟವಾಗಿರಬೇಕು. ಚಿತ್ರ ಎತ್ತಿಕೊಂಡು ತಾವೇ ನೋಡತೊಡಗಿದರು.

"ಎಮ್ಮೆ ಇದು," ಅಂದರು. "ಆದ್ರೆ ಕೊಂಬು ಮೂಗಿನ ಮ್ಯಾಲೆ ಯಾಕೆ ಬಂದೈತೆ?"

ಪಕ್ಕದ ಮನೆಯಾಕೆ ಇಣುಕಿದರು. ಇಬ್ಬರೂ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕಂಡಕ್ಟರ್ ಹೆಂಡತಿ ಮರುಕದಿಂದ ಚಿತ್ರವನ್ನು ಸವರಿ ನನಗೆ ಕೊಟ್ಟರು.

"ಅಯ್ಯೋ ಪಾಪ, ಇದಕ್ಕೂ ಲಕ್ವ ಹೊಡೆದೈತೆ!"

ಹಿಂದೆ ನೋಡದ ಡ್ರೈವರ್

ಅವತ್ತೇ ವಾಪಸ್ ಹೊರಡುವಾಗ ನಡೆದದ್ದು. ನಾನು ಬಂದಿದ್ದ ಆಟೋದವರು ವಯಸ್ಸಾದವರು, ಮೊದಲು ಬಸ್ ಓಡಿಸುತ್ತಿದ್ದವರು. ಫಾರ್ಮುಗಳ ಚೀಲ, ಬಿ.ಪಿ. ಮಿಷನ್ನು, ಊಟದ ಡಬ್ಬಿ ಎಲ್ಲ ಒಳಗಿಟ್ಟೆ. ಒಂದು ಕಾಲು ಆಟೋದಲ್ಲಿ, ಒಂದು ಕಾಲು ನೆಲದ ಮೇಲೆ. ಕಂಡಕ್ಟರು ಬಾಗಿಲಿಗೆ ಬಂದು ಕೈ ಎತ್ತಿ, "ಹೋಗಿ ಬನ್ನಿ ಮೇಡಂ" ಅನ್ನುವ ಮರ್ಯಾದೆಯನ್ನೆಲ್ಲ ತಮಗಿದ್ದ ಒಂದೇ ಪದದಲ್ಲಿ ತುಂಬಿ ಗಟ್ಟಿಯಾಗಿ ಕೂಗಿದರು.

"ರೈಟ್!"

ಆಟೋ ಹಾರಿತು. ನಾನು ಕುಪ್ಪಳಿಸಿ ಕುಪ್ಪಳಿಸಿ ಚರಂಡಿಯ ಅಂಚಿನಲ್ಲಿ ನಿಂತೆ. ಚೀಲ, ಮಿಷನ್ನು, ಡಬ್ಬಿ ಬೀದಿ ತಿರುಗಿ ಕಾಣದಾದವು. ಕಂಡಕ್ಟರು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಆಟೋ ನಿಲ್ಲಿಸಲು ಕೂಗಿದರು. ಕೂಗಿದ್ದು ಏನು ಅಂತ ಬೇರೆ ಹೇಳಬೇಕಾಗಿಲ್ಲ. ಆಟೋ ಇನ್ನೂ ಜೋರಾಯಿತು.

ಕಾಲು ಗಂಟೆಯ ಮೇಲೆ ಅದು ವಾಪಸ್ ಬಂತು. ನಾನು ಬಾಯಿಗೆ ಬಂದ ಹಾಗೆ ಬೈದೆ. ಮುದುಕರು ನನ್ನನ್ನು ತಿಳಿವಳಿಕೆ ಇಲ್ಲದವಳ ಹಾಗೆ ನೋಡಿದರು.

"ಕಂಡಕ್ಟ್ರು ರೈಟ್ ಅಂದ್ಮೇಲೆ ಹಿಂದಕ್ಕೆ ನೋಡೋ ಅಭ್ಯಾಸ ನಮಗಿಲ್ಲ ಮೇಡಂ. ಹತ್ಕಳಾದು ನಿಮ್ಮ ಜವಾಬ್ದಾರಿ."

ಅಹಿತಕರ ಘಟನೆ

ಎರಡು ತಿಂಗಳು ಕಳೆದಿರಬೇಕು. ದುರ್ಗದ ಆಸ್ಪತ್ರೆಯಲ್ಲಿ ಬೆಳಗ್ಗೆ ನನ್ನ ಟೇಬಲ್ ಒರೆಸುತ್ತಿದ್ದೆ. ಹೊರಗೆ ಹಾರ್ನ್ ಕೇಳಿಸಿತು, ನಿಲ್ಲಿಸದ ಹಾರ್ನ್. ಓಡಿ ಹೋಗಿ ನೋಡಿದರೆ ತುರ್ತು ವಿಭಾಗದ ಬಾಗಿಲಿಗೆ ಒಂದು ಇಡೀ ಪ್ರೈವೇಟ್ ಬಸ್ಸು ಬಂದು ನಿಂತಿದೆ. ಒಳಗಿಂದ ಕಂಡಕ್ಟರ್ ಹೆಂಡತಿ ಗಂಡನನ್ನು ತೋಳು ಹಿಡಿದು ಇಳಿಸುತ್ತಿದ್ದಾರೆ. ಅವರ ಹಿಂದೆ ಮಧ್ಯದ ಊರುಗಳಲ್ಲಿ ಇಳಿಯಬೇಕಿದ್ದ ಪ್ರಯಾಣಿಕರೆಲ್ಲ, ಗಂಟು ಮೂಟೆ ಸಮೇತ. ಆಂಬುಲೆನ್ಸಿಗೆ ಕಾಯದೆ ಆಕೆ ಗಂಡನ ಹಳೇ ಬಸ್ಸಿಗೇ ಅಡ್ಡ ನಿಂತಿದ್ದರಂತೆ. ಡ್ರೈವರು ಎಲ್ಲೂ ನಿಲ್ಲಿಸಿಲ್ಲ.

"ಡಾಕ್ಟ್ರೇ, ಒಂದು ಗಂಟೆನೂ ಆಗಿಲ್ಲ!" ಆಕೆ ಕೂಗುತ್ತಿದ್ದರು. "ಈ ಸಲ ತಡ ಮಾಡಿಲ್ಲ. ಇಂಜೆಕ್ಷನ್ ಹಾಕ್ರಿ!"

ಎರಡನೇ ಸಲ ಹೊಡೆದರೆ ಇದ್ದದ್ದೂ ಹೋಗುತ್ತದೆ. ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಕೈ ಎತ್ತಿಸಿದರು, ಹಲ್ಲು ತೋರಿಸಲು ಹೇಳಿದರು, ಸ್ಕ್ಯಾನ್ ಮಾಡಿಸಿದರು. ಹಳೇ ಗಾಯ ಬಿಟ್ಟರೆ ಹೊಸದೇನೂ ಕಾಣಲಿಲ್ಲ. ಕಂಡಕ್ಟರು ಮಂಚದ ಮೇಲೆ ಕೂತು ಎಲ್ಲರನ್ನೂ ಮಿಕಿಮಿಕಿ ನೋಡುತ್ತಿದ್ದರು.

"ಏನಾಯ್ತು ಅಂತ ಸರಿಯಾಗಿ ಹೇಳಿಯಮ್ಮ," ಅಂದರು ಡಾಕ್ಟರು.

"ನಾನು ಒಲೆ ಮುಂದೆ ಇದ್ದೆ. ಇವರು ಬಾಗ್ಲಾಗೆ ಬಂದು ನಿಂತ್ಕಂಡ್ರು. ಬಸ್ ಸ್ಟ್ಯಾಂಡಾಗೆ ಕೂಗ್ತಿದ್ರಲ್ಲ, ಹಂಗೇ ಹೊಸದುರ್ಗ, ಹೊಳಲ್ಕೆರೆ, ದುರ್ಗ ಅಂತ ಕೂಗಿದ್ರು."

"ಮಾತು ಬಂತಲ್ಲ! ಒಳ್ಳೇದೇ ಅಲ್ವಾ?"

"ಪೂರ್ತಿ ಕೇಳ್ರಿ. ಅದಾದ್ಮೇಲೆ..." ಆಕೆ ಸೆರಗು ಎಳೆದುಕೊಂಡು ದನಿ ತಗ್ಗಿಸಿದರು. "ನನ್ನ ಹೆಸರು ಹಿಡಿದು ಕರೆದ್ರು."

"ಅದರಲ್ಲೇನಿದೆ?"

"ಏನೈತಾ? ಮದುವೆ ಆಗಿ ಇಪ್ಪತ್ತೊಂಬತ್ತು ವರ್ಷ ಆತು ಡಾಕ್ಟ್ರೇ. 'ಏಯ್' ಅಂದವ್ರೆ, 'ಇವಳೇ' ಅಂದವ್ರೆ, 'ಎಲ್ಲಿ ಹಾಳಾಗಿ ಹೋದೆ' ಅಂದವ್ರೆ. ಹೆಸರು ಒಂದಿನ ಹಿಡಿದಿಲ್ಲ. ಇವತ್ತು ದುರ್ಗ ಆದ್ಮೇಲೆ ನನ್ನನ್ನೇ ಒಂದು ಸ್ಟಾಪು ಮಾಡವ್ರೆ. ತಲ್ಯಾಗೆ ಏನೋ ಒಡೆದೈತೆ, ನೋಡ್ರಿ!"

ಡಾಕ್ಟರು ಮಂಚದ ಕಡೆ ತಿರುಗಿ, "ಎಲ್ಲಿ ಯಜಮಾನ್ರೇ, ಇನ್ನೊಂದು ಸಲ ಹೇಳಿ" ಅಂದರು.

ಕಂಡಕ್ಟರು ಉಸಿರು ಎಳೆದುಕೊಂಡರು. "ಹೊಸದುರ್ಗ... ಹೊಳಲ್ಕೆರೆ... ದುರ್ಗ ದುರ್ಗ ದುರ್ಗ..." ಅಲ್ಲಿ ನಿಂತರು. ಹೆಂಡತಿಯ ಮುಖ ನೋಡಿದರು. "ಹಾಲಮ್ಮ."

"ನೋಡಿದ್ರಾ! ಮತ್ತೆ ಅಂದ್ರು!" ಅಂದ ಹಾಲಮ್ಮ ಅಲ್ಲೇ ನೆಲಕ್ಕೆ ಕುಸಿದು ಕೂತು ಅಳಲು ಶುರು ಮಾಡಿದರು. ಇದು ಗುಣವಾಗುವ ಲಕ್ಷಣ, ನಾಲಿಗೆಗೆ ಅಭ್ಯಾಸವಿರುವ ಪದಗಳ ಹಿಂದೆ ಹೊಸ ಪದ ಸೇರಿಸಿ ಕಲಿಸುವುದೇ ಮನೆಪಾಠದ ಕ್ರಮ, ಯಾವ ಪದ ಸೇರಿಸಬೇಕು ಅಂತ ಆತನೇ ಆರಿಸಿಕೊಂಡಿರಬೇಕು ಅಂತ ಡಾಕ್ಟರು ವಿವರಿಸುವಷ್ಟರಲ್ಲಿ ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕಣ್ಣು ಒರೆಸಿಕೊಂಡೆ ಕೂಡ, ಸುಳ್ಳು ಯಾಕೆ ಹೇಳಲಿ.

ಯಾವುದಕ್ಕೂ ಇರಲಿ ಅಂತ ಆತನನ್ನು ಒಂದು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಅಲ್ಲಿಗೆ ನನಗೆ ಗ್ರಹಚಾರ ಹಿಡಿಯಿತು. ಸಂಶೋಧನೆಯಲ್ಲಿರುವವರು ಆಸ್ಪತ್ರೆಗೆ ಸೇರಿದರೆ, ಕಾರಣ ಏನೇ ಇರಲಿ, ಒಂದೇ ದಿನದೊಳಗೆ 'ಅಹಿತಕರ ಘಟನೆಯ ವರದಿ' ಬೆಂಗಳೂರಿಗೆ ಹೋಗಬೇಕು. ಫಾರ್ಮು ಬಿಚ್ಚಿದೆ.

ಘಟನೆ ಏನು? 'ಪತಿಯು ಪತ್ನಿಯನ್ನು ಹೆಸರು ಹಿಡಿದು ಕರೆದದ್ದು' ಅಂತ ಬರೆದೆ. ತೀವ್ರತೆ ಎಷ್ಟು? ಪತ್ನಿಯ ಪ್ರಕಾರ ಅತಿ ತೀವ್ರ. ಚಿಕಿತ್ಸೆಗೂ ಘಟನೆಗೂ ಸಂಬಂಧವಿದೆಯೇ? ಖಂಡಿತ ಇದೆ; ಈ ಮನೆಗೆ ಬಿದ್ದದ್ದು ಪಾಠ ಅನ್ನುವ ಗುಟ್ಟು ಡಾಕ್ಟರ ಬಾಯಿಂದಲೇ ರಟ್ಟಾಗಿತ್ತು, ಇನ್ನು ಇವರ ಪರೀಕ್ಷೆ ಬೇರೆಯವರಿಗೆ. ಉಳಿದದ್ದು ಕೊನೆಯ ಪ್ರಶ್ನೆ: ಈಗಿನ ಸ್ಥಿತಿ ಏನು, ನಿಂತಿದೆಯೇ, ಮುಂದುವರಿದಿದೆಯೇ?

ಅದೊಂದನ್ನು ಖಾಲಿ ಬಿಟ್ಟು ವರದಿ ಕಳಿಸಿದೆ, ಅವರು ಮನೆ ಸೇರಿದ ಮೇಲೆ ಅದನ್ನು ತುಂಬಲು ಫೋನ್ ಮಾಡಿದೆ. "ಹೇಗಿದ್ದಾರೆ ನಿಮ್ಮ ಯಜಮಾನ್ರು, ಹಾಲಮ್ಮ? ಆ ಹೆಸರು ಕರೆಯೋದು ನಿಂತಿತಾ?"

"ಎಲ್ಲಿ ನಿಂತೈತೆ ಮೇಡಂ! ನೀರು ಬೇಕಾದ್ರೂ ಅದೇ, ಟವೆಲ್ ಬೇಕಾದ್ರೂ ಅದೇ. ಹೊಸದುರ್ಗದಿಂದ ಹೊಂಡ್ತಾರೆ, ನನ್ನ ಹತ್ರ ಬಂದು ನಿಲ್ಸ್ತಾರೆ. ಬೀದಿಯೋರೆಲ್ಲ ಬಿದ್ದು ಬಿದ್ದು ನಗ್ತಾವ್ರೆ."

"ಬೇರೆ ಪದ ಹೇಳಿಕೊಡೋಕೆ ಪಾಠದ ಮೇಡಂಗೆ ತಿಳಿಸಲಾ?"

ಹಿಂದುಗಡೆಯಿಂದ ಕೂಗು ಕೇಳಿಸುತ್ತಿತ್ತು, ಹೊಳಲ್ಕೆರೆ ದಾಟಿ ದುರ್ಗಕ್ಕೆ ಬಂದಿತ್ತು.

"ಏನೂ ಆತುರ ಇಲ್ಲ ಬಿಡ್ರಿ," ಅಂದರು ಹಾಲಮ್ಮ. "ಫೋನ್ ಇಡ್ರಿ ಮೇಡಂ, ನನ್ನ ಸ್ಟಾಪು ಬಂತು."

ನಾನು 'ಮುಂದುವರಿದಿದೆ' ಎಂಬ ಚೌಕಕ್ಕೆ ಟಿಕ್ ಹಾಕಿದೆ.