ಹೆಚ್ಚಾದ ಒಂದು ಅಂಕ

ಆ ದಿನ ಬೆಳಿಗ್ಗೆ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ಹಿರಿಯರ ವಸತಿಗೃಹದ ಗೇಟು ಎಲ್ಲಿದೆಯೆಂದು ಗೇಟು ಕಾಯುವವನೇ ತಡಕಾಡುತ್ತಿದ್ದ. ಪೇಪರ್ ಬಂದಿರಲಿಲ್ಲ. ಪೇಪರ್ ಬಾರದ ದಿನಕ್ಕೆ ಅಲ್ಲಿ ಹೆಸರೇ ಇಲ್ಲ; ಅದು ಸೋಮವಾರವೂ ಹೌದು, ಶನಿವಾರವೂ ಹೌದು.

ಹನ್ನೊಂದನೇ ರೂಮಿನ ಲೆಕ್ಕದ ಮೇಷ್ಟರು ಚಿಲಕ ತೆಗೆದು ಹೊರಗೆ ಬಂದರು. ಅಂಗಳದಲ್ಲಿ ಡಾಕ್ಟರ ಕಾರು ನಿಂತಿತ್ತು. ಡಾಕ್ಟರು ಬರುವುದು ಬುಧವಾರ. ಹಾಗಾದರೆ ಇವತ್ತು ಬುಧವಾರ ಎಂದುಕೊಂಡರು. ಸೇರಿ ಮೂರು ತಿಂಗಳಾದವರಿಗೆ, ಆಮೇಲೆ ವರ್ಷಕ್ಕೊಮ್ಮೆ, ಡಾಕ್ಟರು ನೆನಪಿನ ಪರೀಕ್ಷೆ ಮಾಡುತ್ತಿದ್ದರು. ಈ ಸಲ ಅವರದೇ ಸರದಿ.

ಆ ಚಿಲಕದ ಮಾತನ್ನು ಹೇಳಬೇಕು. ಮೇಷ್ಟರು ಹುಟ್ಟಿದ್ದು ಒಂಬತ್ತು ಮಕ್ಕಳ ಮನೆಯಲ್ಲಿ. ದುಡಿದದ್ದು ಬಾಗಿಲಿಲ್ಲದ ತರಗತಿಯಲ್ಲಿ. ನಿವೃತ್ತರಾದ ಮೇಲೆ ಮಲಗಿದ್ದು ಮಗಳ ಮನೆಯ ನಡುಮನೆಯಲ್ಲಿ, ಟೀವಿಗೂ ಅಳಿಯನ ಗೊರಕೆಗೂ ನಡುವೆ. ಬಚ್ಚಲಲ್ಲಿ ಜಾರಿ ಬಿದ್ದು ಇಲ್ಲಿಗೆ ಬಂದ ಮೇಲೆ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕವೊಂದು ಮೊದಲ ಸಲ ದಕ್ಕಿತ್ತು. ಅದನ್ನು ಹಾಕಿ ಕಣ್ಣು ಮುಚ್ಚಿ ಕುಳಿತರೆ, ದೇವರೂ ಬಾಗಿಲು ತಟ್ಟಿಯೇ ಒಳಗೆ ಬರಬೇಕು.

ತಿಂಡಿಯ ಮೇಜಿನಲ್ಲಿ ಎದುರಿಗೆ ಬಂದು ಕೂತವರು ರೇಡಿಯೋ ಅಜ್ಜಿ. ಯಾರ ಸುದ್ದಿಯೂ ಅವರ ಬಾಯಲ್ಲಿ ತಣ್ಣಗಾಗುತ್ತಿರಲಿಲ್ಲ.

"ಮೇಷ್ಟ್ರೇ, ಇವತ್ತು ನಿಮ್ದಂತೆ! ಹತ್ತು ಪ್ರಶ್ನೆ, ಹತ್ತು ಅಂಕ. ಏಳಕ್ಕಿಂತ ಕಮ್ಮಿ ಬಂತೋ, ಮೇಲಿನ ವಾರ್ಡು. ಅಲ್ಲಿ ಬಾಗಿಲಿಗೆ ಚಿಲಕ ಇಲ್ಲ, ಮಂಚಕ್ಕೆ ಮಾತ್ರ ಕಂಬಿ."

"ನನಗೆ ಹತ್ತಕ್ಕೆ ಹತ್ತೂ ಬರುತ್ತಮ್ಮಾ."

"ಅಯ್ಯೋ, ನಿಮ್ಮ ಬುದ್ಧಿಗಿಷ್ಟು! ಒಂಬತ್ತು ಬಂದ್ರೂ ಸಾಕು, 'ನಿಮಗೆ ಆಸರೆ ಬೇಕಾಗಿಲ್ಲ, ಮನೆಗೆ ಹೋಗಿ' ಅಂತಾರೆ. ಏಳು ಇಲ್ಲಾ ಎಂಟು, ಅಷ್ಟೇ ಜಾಗ ಇರೋದು."

ಪಕ್ಕದ ರೂಮಿನ, ಒಂದು ಕಾಲದ ಬಸ್ಸಿನ ಡ್ರೈವರಣ್ಣ ತಲೆಯಾಡಿಸಿದ. "ನಾನು ನಾಕು ವರ್ಷದಿಂದ ಏಳರ ಮೇಲೇ ಓಡಿಸ್ತಿದೀನಿ. ಜೋರಾಗೂ ಹೋಗ್ಬಾರ್ದು, ನಿಲ್ಲಿಸ್ಲೂಬಾರ್ದು."

ಆ ಮನೆಯ ಇಪ್ಪತ್ತೆರಡು ಮಂದಿಯೂ ಎಷ್ಟು ಚುರುಕೆಂದರೆ, ಎಷ್ಟನ್ನು ಮರೆಯಬೇಕೆಂಬುದನ್ನು ಒಬ್ಬರೂ ಮರೆಯುತ್ತಿರಲಿಲ್ಲ.

"ಮೂರು ತಪ್ಪು ಮಾಡಿ, ಸಾಕು," ಎಂದರು ಅಜ್ಜಿ. "ವಾರ ಕೇಳಿದ್ರೆ ಗುರುವಾರ ಅನ್ನಿ. ನೂರರಿಂದ ಏಳೇಳು ಕಳೀರಿ ಅಂದಾಗ ಒಂದು ಕಡೆ ಎಡವಿ. ಮೂರು ವಸ್ತು ಹೇಳಿ ಆಮೇಲೆ ಕೇಳ್ತಾರೆ, ಒಂದನ್ನ ನುಂಗಿಬಿಡಿ."

"ತಪ್ಪು ಲೆಕ್ಕ ಹೇಳೋದಾ? ನಾನಾ?"

"ಚಿಲಕ ಬೇಕೋ ಬೇಡ್ವೋ?"

ಮೇಷ್ಟರು ಮೊಗಸಾಲೆಯಲ್ಲಿ ಅಡ್ಡಾಡುತ್ತ, ಪಾಠ ಒಪ್ಪಿಸುವ ಹುಡುಗನಂತೆ "ಇವತ್ತು ಗುರುವಾರ, ಇವತ್ತು ಗುರುವಾರ" ಎಂದು ಗಟ್ಟಿ ಮಾಡತೊಡಗಿದರು. ಬೀಪಿ ನೋಡಲು ಬಂದ ಸಿಸ್ಟರು, "ಹೌದು ಮೇಷ್ಟ್ರೇ, ಗುರುವಾರ" ಎಂದು ತೋಳಿಗೆ ಪಟ್ಟಿ ಸುತ್ತಿದಳು. ಮುದುಕರ ಮನಸ್ಸು ನೋಯಿಸಬಾರದೆಂದು ಹೂಂಗುಟ್ಟುತ್ತಾಳೆ, ಒಳ್ಳೆಯ ಹುಡುಗಿ ಎಂದು ಮೇಷ್ಟರು ಮನಸ್ಸಿನಲ್ಲೇ ಹರಸಿದರು.

"ಬೀಪಿ ಏರಿದೆಯಲ್ಲ, ಏನು ಯೋಚನೆ?"

"ಮರೆಯೋದು ಎಲ್ಲಿ ಮರೆತುಹೋಗುತ್ತೋ ಅಂತಮ್ಮಾ."

ಸಿಸ್ಟರು ಅವರ ಮುಖವನ್ನೇ ಒಂದು ಕ್ಷಣ ನೋಡಿ, ಆಯಾಳನ್ನು ಕರೆದು, ಕೈಹಿಡಿದು ನಡೆಸಿಕೊಂಡು ಹೋಗಲು ಹೇಳಿದಳು.

ಡಾಕ್ಟರ ಮುಂದೆ ಕೂತ ಮೇಷ್ಟರು ಕಣ್ಣುಮುಚ್ಚಿ, ಸ್ವಾಮೀ, ಇದೊಂದು ಗಳಿಗೆ ನನ್ನ ಬುದ್ಧಿ ನಿನ್ನ ಹತ್ತಿರವೇ ಇರಲಿ, ಆಮೇಲೆ ಕೊಡುವೆಯಂತೆ ಎಂದು ಬೇಡಿಕೊಂಡರು.

"ಇವತ್ತು ಯಾವ ವಾರ?"

"ಗುರುವಾರ." ಸುಳ್ಳಾಡಿದ ನಾಲಿಗೆ ಒಣಗಿತು.

ಲೆಕ್ಕ ಬಂತು. ತೊಂಬತ್ತಮೂರರಲ್ಲಿ ಎಡವಬೇಕೆಂದಿದ್ದರು, ಆಗಲಿಲ್ಲ. ಎಂಬತ್ತಾರರಲ್ಲಿ ಎಡವೋಣವೆಂದರೆ ಅದೂ ದಾಟಿತು. ಕೊಟ್ಟಿಗೆಯ ದಾರಿ ಬಲ್ಲ ಎತ್ತಿನಂತೆ ನಾಲಿಗೆ ಎಲ್ಲಿಯೂ ನಿಲ್ಲದೆ ಎರಡರವರೆಗೂ ಹೋಗಿ ನಿಂತಿತು. ಮೂರು ವಸ್ತುಗಳಲ್ಲಿ ಒಂದನ್ನು ಮಾತ್ರ ತುಟಿ ಕಚ್ಚಿ, ಬೆವರು ಸುರಿಸಿ, ಹೇಗೋ ನುಂಗಿಕೊಂಡರು.

ಹತ್ತರಲ್ಲಿ ಎರಡು ಹೋಯಿತು, ಎಂಟು ಉಳಿಯಿತು. ಬದುಕಿದೆ ಎಂದುಕೊಂಡು ರೂಮಿಗೆ ಬಂದು ಚಿಲಕ ಹಾಕಿದ್ದಷ್ಟೇ, ಮ್ಯಾನೇಜರು ಬಾಗಿಲು ತಟ್ಟಿದರು.

"ಮೇಷ್ಟ್ರೇ, ಸಿಹಿಸುದ್ದಿ! ಒಂಬತ್ತು ಅಂಕ! ನಿಮ್ಮ ಮಗಳಿಗೆ ಫೋನ್ ಮಾಡಿದೀನಿ. ಭಾನುವಾರ ಬಂದು ಕರ್ಕೊಂಡು ಹೋಗ್ತಾರೆ."

ಮೇಷ್ಟರು ಬೆರಳು ಮಡಿಸಿ ಎಣಿಸಿದರು. ಮತ್ತೆ ಎಣಿಸಿದರು. ಹತ್ತರಲ್ಲಿ ಎರಡು ಕಳೆದರೆ ಒಂಬತ್ತು ಉಳಿಯುವ ಲೋಕ ಯಾವುದೆಂದು ತಿಳಿಯಲಿಲ್ಲ. ನಿಜವಾಗಿಯೂ ತಲೆ ಕೆಟ್ಟಿತೇ?

ಹನ್ನೊಂದಕ್ಕೆ ಮಂಜು ಕರಗಿ ಪೇಪರ್ ಬಂತು. ಅದರ ನೆತ್ತಿಯ ಮೇಲೆ ಗುರುವಾರ ಎಂದಿತ್ತು. ನಿನ್ನೆ ಡಾಕ್ಟರ ಕಾರು ಕೆಟ್ಟಿತ್ತಂತೆ. ರೇಡಿಯೋ ಅಜ್ಜಿಗೆ ಆ ಸುದ್ದಿ ಸಿಕ್ಕಿದ್ದು ಆಗಲೇ.

ಮೇಷ್ಟರು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಬಿಟ್ಟೇ ಓಡಿದರು. ಡಾಕ್ಟರು ಬ್ಯಾಗು ಮುಚ್ಚುತ್ತಿದ್ದರು.

"ಡಾಕ್ಟ್ರೇ, ಒಂದು ಅಂಕ ನಂದಲ್ಲ. ಇವತ್ತು ಬುಧವಾರ ಅಂದ್ಕೊಂಡು ಬೇಕಂತಲೇ ಗುರುವಾರ ಅಂದೆ. ನಲವತ್ತು ವರ್ಷ ಮಕ್ಕಳಿಗೆ ಅಂಕ ಹಾಕಿದವನು ನಾನು. ಸುಳ್ಳು ಹೇಳಿ ಬಂದದ್ದು ನನಗೆ ಬೇಡ, ತೆಗೀರಿ."

ಆ ಮಾತಿನಲ್ಲಿ ಸತ್ಯ ಎಷ್ಟು, ಚಿಲಕದ ಆಸೆ ಎಷ್ಟು ಎಂದು ತೂಗುವವನು ಮೇಲಿದ್ದಾನೆ.

ಡಾಕ್ಟರು ಹಾಳೆ ತೆಗೆದು ಒಂಬತ್ತನ್ನು ಹೊಡೆದು ಎಂಟು ಎಂದು ಬರೆದರು. ಮೇಷ್ಟರಿಗೆ ಉಸಿರು ಬಂತು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಬೆಳಿಗ್ಗೆ ಮನಸ್ಸಲ್ಲಿ ಏನಿತ್ತು, ಬಾಯಲ್ಲಿ ಏನು ಬಂತು, ಎರಡನ್ನೂ ಬೇರೆಬೇರೆ ನೆನಪಿಟ್ಟು ಬಂದು ಹೇಳ್ತಿದೀರಲ್ಲ ಮೇಷ್ಟ್ರೇ! ಇಷ್ಟು ನೆಟ್ಟಗಿರೋರನ್ನ ಇಲ್ಲಿ ಕೂರಿಸ್ಕೊಂಡ್ರೆ ನನಗೆ ಪಾಪ ಬರುತ್ತೆ."

"ಬರಲಿ ಬಿಡಿ ಡಾಕ್ಟ್ರೇ, ಪರವಾಗಿಲ್ಲ!"

ಡಾಕ್ಟರು ಕೇಳಿಸಿಕೊಳ್ಳಲಿಲ್ಲ. ಎಂಟನ್ನು ಮೆಲ್ಲನೆ ಹೊಡೆದು, ಕಿತ್ತುಕೊಂಡಿದ್ದ ಅಂಕವನ್ನು ಮತ್ತೆ ಸೇರಿಸಿ, ಹಾಳೆಯನ್ನು ಮೇಷ್ಟರ ಕೈಗಿಟ್ಟರು.