ನನ್ನ ಹೆಂಡತಿಯ ಸೆರಗಿನ ರಾಕೆಟ್ಟು

ಮನುಷ್ಯ ಮೊಟ್ಟಮೊದಲು ಚಂದ್ರನ ಮೇಲೆ ಕಾಲಿಟ್ಟಾಗ ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಇದರಲ್ಲಿ ನನ್ನ ಸಾಧನೆ ಏನೂ ಇಲ್ಲ ಎಂಬುದು ನಿಮಗೆ ಕೂಡಲೇ ತಿಳಿಯುತ್ತದೆ. ನನಗೆ ತಿಳಿಯಲು ಸ್ವಲ್ಪ ತಡವಾಯಿತು.

ಬನಹಟ್ಟಿಯ ನಮ್ಮ ಓಣಿಯಲ್ಲಿ ಆಗ ಇದ್ದದ್ದು ಒಂದೇ ರೇಡಿಯೋ, ನೂಲಿನ ವ್ಯಾಪಾರಿಯ ಮನೆಯದು. ಅಂದು ಬೆಳಿಗ್ಗೆ ಅಲ್ಲಿ ಸುದ್ದಿ ಕೇಳಿದವರ ಪೈಕಿ ಈಗ ಉಳಿದವನು ನಾನೊಬ್ಬನೇ. ಹೀಗಾಗಿ ಈ ವಿಷಯದಲ್ಲಿ ನಾನು ಹೇಳಿದ್ದೇ ಖರೆ. ಮೊದಮೊದಲು, ಕಟ್ಟೆಯ ಕೆಳಗೆ ನಿಂತು ಕೇಳಿದೆ ಎನ್ನುತ್ತಿದ್ದೆ. ಕೆಲವು ವರ್ಷಗಳ ಮೇಲೆ ಪಡಸಾಲೆಗೆ ಬಂದೆ. ತಕರಾರು ಮಾಡುವವರು ಒಬ್ಬೊಬ್ಬರೇ ತೀರಿಕೊಂಡಂತೆ ರೇಡಿಯೋದ ಹತ್ತಿರ ಸರಿಯುತ್ತ ಹೋದೆ. ಈಚೆಗಂತೂ ಅದರ ಕಿವಿ ಹಿಂಡಿ ಸ್ಟೇಷನ್ ಹಚ್ಚಿದವನೇ ನಾನು!

ನನ್ನ ಈ ಕೀರ್ತಿ ಊರ ಶಾಲೆಯ ದೊಡ್ಡ ಅಕ್ಕೋರ ಕಿವಿಗೂ ಬಿತ್ತು. ಒಂದು ದಿನ ಅವರೇ ಮನೆಗೆ ಬಂದು, ಶಾಲೆಯಲ್ಲಿ ಬಾಹ್ಯಾಕಾಶದ ಬಗ್ಗೆ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ, ನೀವು ನಿಮ್ಮ ನೆನಪು ಹೇಳಬೇಕು ಎಂದರು. ನಾನು ಒಂದು ನಿಮಿಷ ಯೋಚನೆ ಮಾಡುವವನಂತೆ ಮಾಡಿ ಒಪ್ಪಿಕೊಂಡೆ. ನಿಜವಾಗಿ ಅವರು ಚಪ್ಪಲಿ ಬಿಡುವಾಗಲೇ ಒಪ್ಪಿಯಾಗಿತ್ತು.

ನನ್ನ ಹೆಂಡತಿ ಮಹಾದೇವಿ ನೂಲಿನ ಕಂಡಿಕೆ ಸುತ್ತುತ್ತ ಎಲ್ಲ ಕೇಳಿಸಿಕೊಂಡಿದ್ದಳು. ಅಕ್ಕೋರು ಹೋದ ಮೇಲೆ ಕೇಳಿದಳು.

"ನಾನೂ ಬರ್ತೇನ್ರಿ. ಯಾವ ಸೀರಿ ಉಡ್ಲಿ?"

ಬಹಳ ಸಾದಾ ಪ್ರಶ್ನೆ. ಆದರೆ ನನ್ನ ಎದೆಗೆ ಚುಚ್ಚಿತು. ನಮ್ಮದು ನಾಲ್ಕು ಪವರ್‌ಲೂಮಿನ ಮನೆ. ಮದುವೆಯಾಗಿ ನಲವತ್ತು ವರ್ಷವಾಯಿತು. ನೇಯ್ದ ಸೀರೆಗಳಿಗೆ ಲೆಕ್ಕವಿಲ್ಲ. ಅವಳು ಉಟ್ಟದ್ದೆಲ್ಲ ಡ್ಯಾಮೇಜ್ ಸೀರೆ! ನೇಕಾರರ ಮನೆಯ ಪದ್ಧತಿಯೇ ಹಾಗೆ. ಛಲೋ ಸೀರೆ ಪೇಟೆಗೆ ಹೋಗುತ್ತದೆ, ವ್ಯಾಪಾರಿ ತಿರುಗಿಸಿ ಕಳಿಸಿದ್ದು ಮನೆಯ ಹೆಂಗಸಿನ ಮೈಗೆ ಬರುತ್ತದೆ. ಎಳೆ ಹರಿದ ಕಡೆ ನಿರಿಗೆಯೊಳಗೆ, ಬಣ್ಣ ಹತ್ತಿದ ಕಡೆ ಸೊಂಟಕ್ಕೆ, ಹೀಗೆ ನನ್ನ ತಪ್ಪುಗಳನ್ನೆಲ್ಲ ಮಡಿಚಿ ಮುಚ್ಚಿಟ್ಟುಕೊಂಡು ಅವಳು ಸಂಸಾರ ಮಾಡಿದ್ದಾಳೆ.

ನಾನು ಎದ್ದು ನಿಂತು ಘೋಷಿಸಿದೆ. "ಈ ಸಲ ನಿನಗ ಒಂದೂ ಕುಂದು ಇರಲಾರದ ಸೀರಿ ನೇಯ್ತೇನಿ ನೋಡು. ಸೆರಗಿನಾಗ ಮ್ಯಾಲ ಚಂದ್ರ, ಕೆಳಗ ರಾಕೆಟ್. ಅದನ್ನ ಉಟ್ಕೊಂಡು ಬಾ."

"ನೋಡೋಣಂತ," ಎಂದಳು ಮಹಾದೇವಿ. ನಲವತ್ತು ವರ್ಷದ ಅನುಭವ ಆ ಮಾತಿನಲ್ಲಿತ್ತು.

ನಾನೇ ಗ್ರಾಫ್ ಕಾಗದದ ಮೇಲೆ ರಾಕೆಟ್ ಬರೆದೆ. ಅದನ್ನು ರಬಕವಿಯಲ್ಲಿ, ಮಗ್ಗಕ್ಕೆ ಡಿಸೈನು ಹೇಳಿಕೊಡುವ ಜಕಾರ್ಡಿನ ಕಾರ್ಡಿಗೆ ತೂತು ಹೊಡೆಯುವವನ ಬಳಿ ಒಯ್ದರೆ, ಅವನು ಬಹಳ ಹೊತ್ತು ನೋಡಿ, ಬದನೆಕಾಯಿ ಡಿಸೈನಿಗೆ ಈಗ ಗಿರಾಕಿ ಇದ್ದಾರೆಯೇ ಎಂದು ವಿಚಾರಿಸಿದ. ನಾನು ಮನೆಗೆ ಬಂದು ಅದಕ್ಕೆ ಕಿಟಕಿ ಹಚ್ಚಿದೆ, ಬಾಲಕ್ಕೆ ಬೆಂಕಿ ಹಚ್ಚಿದೆ. ಆಗ ಅವನು ಒಪ್ಪಿದ. ಚಂದ್ರನಿಗೆಂದು ಜಮಖಂಡಿಗೆ ಹೋಗಿ ಬೆಳ್ಳಿಬಣ್ಣದ ಜರಿ ತಂದೆ. ಒಂದು ಮಗ್ಗದ ಕೆಲಸ ನಿಲ್ಲಿಸಿ ಸೀರೆ ಹಚ್ಚಿದೆ.

ಮೊದಲು ಒಡಲು, ಕೊನೆಗೆ ಸೆರಗು. ಸೆರಗು ಶುರುವಾದಾಗ ನಾನು ಮಗ್ಗ ಬಿಟ್ಟು ಕದಲಲಿಲ್ಲ. ಮೊದಲು ಬೆಂಕಿ ಬಂತು, ಬಾಲ ಬಂತು, ಕಿಟಕಿ ಬಂತು, ಚೂಪು ಮೂತಿ ಬಂತು. ಅದರ ಮೇಲೆ ದುಂಡನೆಯ ಚಂದ್ರ! ನನ್ನ ಕಣ್ಣೆದುರು ರಾಕೆಟ್ ನೆಟ್ಟಗೆ ಮೇಲೇರಿ ನಿಂತಿತ್ತು. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. (ಇದನ್ನು ಮಹಾದೇವಿಗೆ ಹೇಳಿಲ್ಲ.) ಅವಳು ಚಹಾ ಹಿಡಿದು ಬಂದವಳು ಮಗ್ಗದ ಮುಂದೆ ನಿಂತಳು. ನೋಡಿದಳು. ಕತ್ತು ವಾರೆ ಮಾಡಿ ಮತ್ತೊಮ್ಮೆ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಹಾಗೇ ಮುಚ್ಚಿಕೊಂಡು ಹೋದಳು. ಆನಂದಕ್ಕೆ ಮಾತು ಹೊರಡಲಿಲ್ಲ ಎಂದುಕೊಂಡೆ.

ಭಾಷಣವನ್ನೂ ಅವಳ ಮುಂದೆಯೇ ತಾಲೀಮು ಮಾಡಿದೆ. ಕೇಳಿ ಮುಗಿದ ಮೇಲೆ, ಆಯಿಯ ಸಂಗತಿ ಬಿಟ್ಟಿರಲ್ಲ ಎಂದಳು. ಆಯಿ ಎಂದರೆ ನನ್ನ ಅಜ್ಜಿ. ಚಂದ್ರನ ಮೇಲೆ ಇಳಿದ ಸುದ್ದಿ ಕೇಳಿ ಓಣಿಯೆಲ್ಲ ಕುಣಿದಾಡುವಾಗ ಆಕೆ ಮಾತ್ರ ನಮ್ಮಪ್ಪನನ್ನು, "ತಿರುಗಿ ಬಂದ್ರೇನು?" ಎಂದು ಕೇಳಿದ್ದಳು. ಅಂದು ಸಂಜೆಯೂ ಅದೇ, ಮರುದಿನವೂ ಅದೇ. ಯಾರದೋ ಮಕ್ಕಳು, ಯಾವ ದೇಶದವರೋ, ಆಕೆಗೆ ಮಾತ್ರ ಊಟ ಸೇರದು. ಮೂರ್ನಾಲ್ಕು ದಿನದ ಮೇಲೆ ಅವರು ಸುರಕ್ಷಿತವಾಗಿ ಬಂದರೆಂದು ತಿಳಿದಾಗ ಗೋದಿ ಹುಗ್ಗಿ ಮಾಡಿ ಓಣಿಗೆಲ್ಲ ಬಡಿಸಿದಳು. ಆದರೆ ಇದರಲ್ಲಿ ವಿಜ್ಞಾನ ಎಲ್ಲಿದೆ? ಹುಗ್ಗಿಯ ವಿಷಯ ವೈಜ್ಞಾನಿಕ ಭಾಷಣಕ್ಕೆ ಶೋಭಿಸದು ಎಂದು ನಾನು ತಳ್ಳಿಹಾಕಿದೆ.

ಕಾರ್ಯಕ್ರಮದ ದಿನ ಮಹಾದೇವಿ ಹೊಸ ಸೀರೆ ಉಟ್ಟು ಹೊರಟಳು. ನಮ್ಮ ಕಡೆ ದಾರಿಯಲ್ಲಿ ಗಂಡ ಮುಂದೆ, ಹೆಂಡತಿ ಹಿಂದೆ. ಹೀಗಾಗಿ ಬೆನ್ನ ಮೇಲಿನ ಸೆರಗು ನನ್ನೊಬ್ಬನ ಕಣ್ಣಿಗೆ ಬಿಟ್ಟು ಊರಿನವರ ಕಣ್ಣಿಗೆಲ್ಲ ಬಿತ್ತು. ಹಿಂದೆ ಜನ ನಗುವುದು ಕೇಳಿಸಿತು. ಮೆಚ್ಚಿಕೊಂಡರೆಂದು ತಿಳಿದು ನಾನು ತಿರುಗದೆಯೇ ಕೈ ಮುಗಿಯುತ್ತ ನಡೆದೆ.

ಭಾಷಣ ಜೋರಾಗಿ ಸಾಗಿತು. ರೇಡಿಯೋದ ಕಿವಿ ಹಿಂಡಿದೆ. ಈಚೆಗೆ ನಮ್ಮ ದೇಶದ ಗಾಡಿ ಚಂದ್ರನ ಮೇಲೆ ಇಳಿದ ದಿನ ನಾಲ್ಕೂ ಮಗ್ಗ ಬಂದ್ ಮಾಡಿ ಮೊಬೈಲಿನಲ್ಲಿ ನೋಡಿ ಅತ್ತದ್ದನ್ನೂ ಹೇಳಿದೆ. ಅದು ಮಾತ್ರ ಅಪ್ಪಟ ಸತ್ಯ. ಮುಂದೆ ನಮ್ಮ ಬನಹಟ್ಟಿಯ ಹುಡುಗಿಯೊಬ್ಬಳು ಅಲ್ಲಿಗೆ ಹೋಗಬೇಕು, ಅದನ್ನು ನೋಡಿಯೇ ನಾನು ಕಣ್ಣು ಮುಚ್ಚಬೇಕು ಎಂದಾಗ ಚಪ್ಪಾಳೆ ಬಿತ್ತು. ಅಲ್ಲಿಗೇ ಕುಳಿತಿದ್ದರೆ ಚೆನ್ನಾಗಿತ್ತು. ಏನಾದರೂ ಕೇಳುವುದಿದ್ದರೆ ಕೇಳಿ ಎಂದುಬಿಟ್ಟೆ!

ಮುಂದಿನ ಸಾಲಿನಲ್ಲಿದ್ದ, ಎರಡು ಜಡೆಯ ಹುಡುಗಿ ಎದ್ದು ನಿಂತಳು. "ಮುತ್ಯಾ, ಆಗ ರೇಡಿಯೋದಾಗ ಏನಂತ ಹೇಳಿದ್ರು?"

ನಿಜ ಹೇಳಬೇಕೆಂದರೆ, ಕಟ್ಟೆಯ ಕೆಳಗೆ ದೊಡ್ಡವರ ಧೋತರಗಳ ನಡುವೆ ನಿಂತಿದ್ದ ನನಗೆ ಕೇಳಿಸಿದ್ದು ಗುರ್ ಎನ್ನುವ ಸಪ್ಪಳ ಒಂದೇ. ಇಷ್ಟು ವರ್ಷ ಯಾರೂ ಇದನ್ನು ಕೇಳಿರಲಿಲ್ಲ. ಪಾರಾಗಲು ಒಂದೇ ದಾರಿ ಕಂಡಿತು. ಅದೆಲ್ಲ ಇರಲಿ, ನಿಮಗೆ ರಾಕೆಟನ್ನೇ ತೋರಿಸುತ್ತೇನೆ ಎಂದು ಹೇಳಿ, ಕುಂದಿಲ್ಲದ ನೇಯ್ಗೆ ಎಂದರೆ ಏನೆಂದು ಎಲ್ಲರೂ ಕಣ್ಣಾರೆ ನೋಡಬೇಕೆಂದು ವಿನಂತಿಸಿ, ಮಹಾದೇವಿಯನ್ನು ವೇದಿಕೆಗೆ ಕರೆದು ಮಕ್ಕಳ ಕಡೆ ಬೆನ್ನು ತಿರುಗಿಸಿ ನಿಲ್ಲಿಸಿದೆ.

ಶಾಲೆಯೇ ಗೊಳ್ಳೆಂದು ನಕ್ಕಿತು.

"ಮುತ್ಯಾ, ರಾಕೆಟ್ ಕೆಳಗ ಬೀಳಾಕತ್ತೈತಿ," ಎಂದಳು ಎರಡು ಜಡೆಯವಳು.

ನೋಡಿದೆ. ರಾಕೆಟ್ಟಿನ ಬೆಂಕಿ ಮೇಲೆ, ಮೂತಿ ಕೆಳಗೆ. ಚಂದ್ರ ಎಲ್ಲಕ್ಕಿಂತ ಕೆಳಗೆ, ನನ್ನ ಹೆಂಡತಿಯ ಮೊಣಕಾಲಿನ ಹಿಂದೆ ನೇತಾಡುತ್ತಿದ್ದ! ಮಗ್ಗದ ಮೇಲೆ ಕೊನೆಗೆ ನೇಯ್ದದ್ದು ಕಣ್ಣಿಗೆ ಮೇಲೆ ಕಾಣುತ್ತದೆ. ಹೆಗಲ ಮೇಲಿಂದ ಇಳಿಬಿಟ್ಟಾಗ ಅದೇ ತುದಿ ಕೆಳಗೆ ಬರುತ್ತದೆ. ನೇಕಾರರ ಮನೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ. ಆದರೆ ಜೀವಮಾನವೆಲ್ಲ ನಾನು ನೇಯ್ದದ್ದು ಹೂವು, ಚೌಕಡಿ. ಅವಕ್ಕೆ ತಲೆಯೂ ಇಲ್ಲ, ಕಾಲೂ ಇಲ್ಲ. ಹೀಗಾಗಿ ನನ್ನ ತಲೆಯೂ ಬೇಕಾಗಿರಲಿಲ್ಲ.

ನಲವತ್ತು ವರ್ಷದಲ್ಲಿ ಒಂದೇ ಒಂದು ಸೀರೆಯ ಮಾತು ಕೊಟ್ಟಿದ್ದೆ. ಅದನ್ನೂ ಕೆಡಿಸಿದ್ದೆ, ಅದೂ ಊರ ಮುಂದೆ ಅವಳ ಬೆನ್ನ ಮೇಲೆ. ನನಗೆ ನಿಜಕ್ಕೂ ಅಳು ಬಂತು.

ಮಹಾದೇವಿ ನಿಧಾನವಾಗಿ ಮಕ್ಕಳ ಕಡೆ ತಿರುಗಿದಳು. ವೇದಿಕೆಯ ಮೇಲೆ ಅವಳು ಮಾತಾಡಿದ್ದು ಅದೇ ಮೊದಲು.

"ಬೀಳಾಕತ್ತಿಲ್ಲವ್ವಾ. ಮನಿಗೆ ಬರಾಕತ್ತೈತಿ. ಕೆಳಗ ದುಂಡಗ ಐತೆಲ್ಲ, ಅದು ಚಂದ್ರ ಅಲ್ಲ, ನಮ್ಮ ಭೂಮಿ. ಹೋದವ್ರು ತಿರುಗಿ ಬರಬ್ಯಾಡೇನು?"

ನಗು ನಿಂತಿತು. ಅವಳು ಅಷ್ಟಕ್ಕೇ ಬಿಡದೆ ಆಯಿಯ ಕತೆ ಹೇಳಿದಳು. ಊಟ ಬಿಟ್ಟದ್ದು, ದಿನಾ ಕೇಳಿದ್ದು, ಹುಗ್ಗಿ ಬಡಿಸಿದ್ದು. ನಾನು ತಳ್ಳಿಹಾಕಿದ ಕತೆಗೆ ಬಿದ್ದ ಚಪ್ಪಾಳೆ ನನ್ನ ಇಡೀ ಭಾಷಣಕ್ಕೆ ಬಿದ್ದಿರಲಿಲ್ಲ. ಎರಡು ಜಡೆಯವಳು ತಾನು ಚಂದ್ರನ ಮೇಲೆ ಹೋಗುವುದಾಗಿಯೂ ಹುಗ್ಗಿಯ ಹೊತ್ತಿಗೆ ತಿರುಗಿ ಬರುವುದಾಗಿಯೂ ಅವಳಿಗೆ ಮಾತು ಕೊಟ್ಟಳು. ನನಗೆ ಯಾರೂ ಏನೂ ಕೊಡಲಿಲ್ಲ.

ಬರುವಾಗ ನಾನು ಹಿಂದೆ ನಡೆದೆ. ಸೆರಗಿನ ರಾಕೆಟ್ ಓಲಾಡುತ್ತ ಮನೆಯ ಕಡೆಗೇ ಹೊರಟಿತ್ತು. ಸೀರೆ ತಿರುಗಮುರುಗ ಆಗಿದೆ ಎಂದು ಯಾವಾಗ ತಿಳಿಯಿತು ಎಂದು ಕೇಳಿದೆ.

"ಮಗ್ಗದ ಮ್ಯಾಲ ಇದ್ದಾಗ ಗೊತ್ತಾತ್ರಿ," ಎಂದಳು.

"ಮತ್ತ ಹೇಳಬಾರದಿತ್ತೇನು?"

"ಅಷ್ಟು ಖುಷೀಲೆ ನೇಯಾಕತ್ತಿದ್ರಿ. ಹೆಂಗ ಹೇಳ್ಲಿ?"

ಸುಮ್ಮನಿರುವ ಜಾತಿ ನನ್ನದಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಲೇಬೇಕೆಂದು ಹೊಸ ಕಾರ್ಡು ಮಾಡಿಸಿದೆ. ಪ್ರತಿ ಗೇಣಿಗೊಮ್ಮೆ ಹೆಗಲ ಮೇಲೆ ಹಾಕಿದರೆ ಹೇಗೆ ಕಂಡೀತು ಎಂದು ಕತ್ತು ವಾರೆ ಮಾಡಿ ನೋಡುತ್ತ ಎರಡನೆಯ ಸೀರೆ ನೇಯ್ದೆ. ಮೂತಿ ಮೇಲೆ, ಬೆಂಕಿ ಕೆಳಗೆ, ಚಂದ್ರ ಚಂದ್ರನ ಜಾಗದಲ್ಲಿ. ಒಂದು ಎಳೆ ಹರಿದಿಲ್ಲ, ಒಂದು ಹನಿ ಬಣ್ಣ ಹತ್ತಿಲ್ಲ. ನನ್ನ ಜೀವನದ ಮೊದಲ ಮತ್ತು ಪ್ರಾಯಶಃ ಕೊನೆಯ ನಿರ್ದೋಷ ಸೀರೆಯನ್ನು ಎರಡೂ ಕೈಯಿಂದ ಹೆಂಡತಿಗೆ ಅರ್ಪಿಸಿದೆ.

ಅವಳು ಬಿಚ್ಚಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ನೋಡಿದಳು. ವ್ಯಾಪಾರಿಯೂ ಅಷ್ಟು ನೋಡುವುದಿಲ್ಲ.

"ಛಲೋ ಆಗೈತ್ರಿ," ಎಂದಳು. "ಆದ್ರ ಇದು ಮನಿ ಬಿಟ್ಟು ಹೊಂಟೈತಿ. ನನಗ ಬ್ಯಾಡ. ನನಗ ಮನಿಗೆ ಬರೋದೇ ಇರ್ಲಿ."

ಮಡಿಚಿ ಕೈಯಲ್ಲಿಟ್ಟಳು. ಈಗ ಅವಳು ಎಲ್ಲ ಮದುವೆ ಮುಂಜಿವೆಗೂ ಉಡುವುದು ಆ ಡ್ಯಾಮೇಜ್ ಸೀರೆಯನ್ನೇ. ಕುಂದಿಲ್ಲದ್ದನ್ನು ನಾನು ಮಗ್ಗಕ್ಕೆ ಧೂಳು ಕೂಡದಂತೆ ಹೊದಿಸಿದ್ದೇನೆ. ರಾಕೆಟ್ ನೆಟ್ಟಗೇ ಇದೆ.