ವಾರ್ಡಿನ ಬೀಗ ತೆಗೆಸಿದ್ದು

ಮಾನಸಿಕ ರೋಗಿಗಳ ವಾರ್ಡಿನಲ್ಲಿ ನಗೋದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಡ್ಯೂಟಿಗೆ ಹಾಜರಾದರೆ ಸಾಕು. ತೊಂಬತ್ತರ ದಶಕದಲ್ಲಿ ನಾನು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿನ ನರ್ಸ್. ನಮ್ಮ ಹಿರಿಯ ಸಿಸ್ಟರದು ‘ಮೊದಲು ಬೀಗ, ಆಮೇಲೆ ಮಾತ್ರೆ’ ಪದ್ಧತಿ. ಬಾಗಿಲು ತೆರೆದಿಟ್ಟು, ಕೂತು ಮಾತಾಡಿಸಿದರೆ ಜನ ಬೇಗ ಸುಧಾರಿಸ್ತಾರೆ ಅನ್ನೋದು ಹೊಸದಾಗಿ ಕಲಿತು ಬಂದ ನಮ್ಮ ನಾಲ್ವರ ವಾದ.

“ತೆರೆದಿಡು ಮಾರಾಯ್ತಿ, ಸಂಜೆ ಖಾಲಿ ಮಂಚಕ್ಕೆ ಇಂಜೆಕ್ಷನ್ ಕೊಡ್ತಾ ಕೂತಿರು” ಅಂತಿದ್ದರು ಹಿರಿಯ ಸಿಸ್ಟರ್. ಅವರದೂ ಭಯವೇ. ಏನಾದರೂ ಆದರೆ ಉತ್ತರ ಕೊಡಬೇಕಾದವರು ಅವರು.

ಕಪ್ಪು ಪಟ್ಟಿ

ಬೀಗ ತೆಗೆಸಿ ಅಂತ ನಾವು ನಾಲ್ವರೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ವಾರ್ಡಿನ ಮುಂದೆ ನಿಂತೆವು. ಕೂಗಲು ನಾಚಿಕೆ. ‘ಬೇಕೇ ಬೇಕು, ನ್ಯಾಯ ಬೇಕು’ ಅನ್ನೋದನ್ನ ಪ್ರಾರ್ಥನೆ ಥರ ಹೇಳಿದೆವು. ಒಳಗೆ ಕಿಟಕಿ ಹತ್ತಿರ ಇದ್ದ ರೋಗಿಯೊಬ್ಬರು ಭದ್ರಾವತಿ ಕಡೆಯವರು, ಹಿಂದೆ ಕಾರ್ಮಿಕರ ಯೂನಿಯನ್ ಮುಖಂಡರು. ನಮ್ಮ ದನಿ ಕೇಳಿ ಹಣೆ ಚಚ್ಚಿಕೊಂಡರು.

“ಸಿಸ್ಟರ್, ಹೀಗೆ ಕೂಗಿದ್ರೆ ಮ್ಯಾನೇಜ್‌ಮೆಂಟ್‌ಗೆ ನಿದ್ದೆ ಬರುತ್ತೆ. ನಾನು ಕೂಗ್ತೀನಿ, ನೀವು ಹಿಂದಿಂದ ಹೇಳಿ.”

ಇಡೀ ವಾರ್ಡು ದನಿಗೂಡಿಸಿತು. ಡಾಕ್ಟರು ಮಹಡಿಯಿಂದ ಓಡಿಬಂದರು. “ಆಯ್ತ್ರೀ, ಒಂದು ದಿನ ತೆಗೆದು ನೋಡೋಣ” ಅಂದರು. ನಾವು ಚಪ್ಪಾಳೆ ತಟ್ಟಿದೆವು.

ಕಿಟಕಿಯಿಂದ ದನಿ ಬಂತು: “ಬಾಯಿಮಾತು ಬೇಡ! ಬರೆದು ಸಹಿ ಹಾಕಿ ಕೊಡ್ಲಿ!”

ತಲೆ ಎಣಿಕೆ

ಆ ಒಂದು ದಿನ ಬಾಗಿಲು ತೆರೆದೇ ಇತ್ತು. ಕೆಲವರು ಅಂಗಳದಲ್ಲಿ ಅಡ್ಡಾಡಿದರು, ಇಬ್ಬರು ಗಿಡಕ್ಕೆ ನೀರು ಹಾಕಿದರು. ಸಂಜೆ ಹಿರಿಯ ಸಿಸ್ಟರ್ ಮೂರು ಸಲ ತಲೆ ಎಣಿಸಿದರು. ಹದಿನೆಂಟು ಮಂಚ, ಹದಿನೆಂಟೂ ಜನ ಹಾಜರು.

ಇಲ್ಲದವನು ವಾಚ್‌ಮನ್ ಒಬ್ಬನೇ. ಬೀಗ ಇಲ್ಲದ ಮೇಲೆ ನಂಗೇನು ಕೆಲಸ ಅಂತ ಮ್ಯಾಟಿನಿಗೆ ಹೋಗಿದ್ದ.

ತಲೆಪಿನ್ನು

“ಒಂದು ದಿನದ ಅದೃಷ್ಟ ಅದು” ಅಂತ ಹಿರಿಯ ಸಿಸ್ಟರ್ ಮರುದಿನ ಮತ್ತೆ ಬೀಗ ಹಾಕಿದರು. ವಾರ ಕಳೆದಿರಲಿಲ್ಲ. ಗ್ರಿಲ್ ಬಾಗಿಲಿಗೆ ಒಳಗಿಂದ ಬೀಗ ಒತ್ತಿ ರೌಂಡ್ಸ್ ಮಾಡುವಾಗ ಅವರ ಕೀಲಿಗೊಂಚಲು ಬಚ್ಚಲ ಮೋರಿಗೆ ಬಿತ್ತು. ಒಳಗೆ ಅವರು, ಹೊರಗೆ ನಾವು ಮತ್ತು ಡಾಕ್ಟರು.

ಆಗ ಎದ್ದು ಬಂದದ್ದು ಕುಂಸಿಯ ಒಬ್ಬ ರೋಗಿ. ಬಂದಾಗಿನಿಂದ ನಾಲ್ಕು ಮಾತಾಡಿದವನಲ್ಲ. “ಸಿಸ್ಟರ್, ನಿಮ್ಮ ತಲೆಪಿನ್ನು ಕೊಡ್ತೀರಾ?” ಅಂದ. ಕೊಟ್ಟರು. ಟಕ್ ಅಂತ ಬೀಗ ಬಿಚ್ಚಿಕೊಂಡಿತು.

“ಎಲ್ಲಿ ಕಲಿತ್ಯೋ ಇದನ್ನ?”

“ಬೀಗ ರಿಪೇರಿ ನಮ್ಮಪ್ಪನ ಕಸುಬು ಸಿಸ್ಟರ್.”

“ಮತ್ತೆ ಇಷ್ಟು ದಿನ ತೆಗೀಲಿಲ್ಲ ಯಾಕೆ?”

“ನೀವು ದಿನಾ ಅಷ್ಟು ಆಸೆಯಿಂದ ಹಾಕ್ತಿದ್ರಿ. ಬೇಜಾರು ಮಾಡ್ಕೋತೀರಾ ಅಂತ ಸುಮ್ಮನಿದ್ದೆ.”

ಡಾಕ್ಟರು ಗೋಡೆ ಹಿಡಿದು ನಕ್ಕರು. ಹಿರಿಯ ಸಿಸ್ಟರಿಗೂ ನಕ್ಕು ನಕ್ಕು ಕಣ್ಣಲ್ಲಿ ನೀರು. “ಇನ್ನು ಈ ಬಾಗಿಲಿಗೆ ಬೀಗ ಇಲ್ಲ, ತಗೋ, ನೀನೇ ಇಟ್ಕೋ” ಅಂತ ಬೀಗವನ್ನು ಅವನ ಕೈಗಿಟ್ಟರು.

ಅವನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟ. “ಬೇಡ ಸಿಸ್ಟರ್. ಒಳ್ಳೇ ಬೀಗ ಅಲ್ಲ ಇದು.”